ಹಿಂದಿನ ಸಾಲಿನ ತೂಕ

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಹೆಂಚಿನ ಮನೆಯೊಂದರಲ್ಲಿ ನಮ್ಮ ಡಯಾಲಿಸಿಸ್ ಕೇಂದ್ರ ನಡೆಯುತ್ತದೆ. ಅದು ಒಂದು ಸಣ್ಣ ಟ್ರಸ್ಟಿನದು. ಪಡಸಾಲೆಯಲ್ಲಿ ಯಂತ್ರಗಳಿವೆ. ಅಡುಗೆಮನೆಯಾಗಿದ್ದ ಕಡೆ ನೀರು ಶುದ್ಧಿ ಮಾಡುವ ಟ್ಯಾಂಕುಗಳಿವೆ. ಉಗ್ರಾಣದಲ್ಲಿ ನಾನು ರಕ್ತಪರೀಕ್ಷೆ ಮಾಡುತ್ತೇನೆ. ಉಗ್ರಾಣದ ಬಾಗಿಲಿಗೆ ಎದುರಾಗಿ, ಜಗಲಿಯ ಕಡೆ ತೆರೆಯುವ ಕಿಟಕಿಯ ಪಕ್ಕ, ಯಶೋಧರಾ ಅವರ ಮೇಜು ಮತ್ತು ಕಂಪ್ಯೂಟರು.

ಯಶೋಧರಾ ಅವರಿಗೆ ಈಗ ಐವತ್ತು ದಾಟಿದೆ. ಬೆಳೆದದ್ದು ಟಿ.ಆರ್. ಮಿಲ್ಲಿನ ಹಿಂದಿನ ವಠಾರದಲ್ಲಿ. ತಂದೆ ಓಬಳಪ್ಪ ಕಾರ್ಪೊರೇಷನ್ನಿನಲ್ಲಿ ನೀರಿನ ಕೊಳವೆ ರಿಪೇರಿ ಮಾಡುತ್ತಿದ್ದರು. ತಾವು ಬೌದ್ಧರಾದ ವರ್ಷ ಹುಟ್ಟಿದ ಮಗಳಿಗೆ ಈ ಹೆಸರಿಟ್ಟರು. ಪಿಯುಸಿ ಆದ ಮೇಲೆ ಮಗಳು ಬಸವನಗುಡಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದರು. ಪುಸ್ತಕಗಳ ಬೈಂಡಿಂಗ್ ಕೆಲಸದಲ್ಲಿದ್ದ ಸತೀಶ್ ಅವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ.

ಸತೀಶ್ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದಾಗ ಇಬ್ಬರೂ ಈ ಕೇಂದ್ರಕ್ಕೆ ಬರತೊಡಗಿದರು. ವಾರಕ್ಕೆ ಮೂರು ದಿನ ಬೆಳಗ್ಗೆ ಸತೀಶ್ ಯಂತ್ರದ ಪಕ್ಕದ ಹಾಸಿಗೆಯಲ್ಲಿ, ಯಶೋಧರಾ ಜಗಲಿಯ ಕಲ್ಲುಕಟ್ಟೆಯ ಮೇಲೆ. ಟ್ರಸ್ಟಿನ ಕಾರ್ಯದರ್ಶಿ ರಾಮಾನುಜ ಅವರು ರೋಗಿಗಳ ತೂಕವನ್ನು ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಹಾಕುವುದನ್ನು ಯಶೋಧರಾ ಕಿಟಕಿಯಿಂದ ಕೆಲವು ದಿನ ನೋಡಿದರು. ಒಂದು ದಿನ ಎದ್ದು ಒಳಗೆ ಬಂದು, "ಸರ್, ಸ್ವಲ್ಪ ಏಳ್ತೀರಾ? ನೋಡೋಕಾಗ್ತಿಲ್ಲ, ನಾನು ಹೊಡೀತೀನಿ" ಎಂದರು. ರಾಮಾನುಜ ಎದ್ದರು. ಆ ಕುರ್ಚಿಯಲ್ಲಿ ಅವರು ಮತ್ತೆ ಕೂರಲಿಲ್ಲ.

ಏಳು ವರ್ಷ ಹಾಗೆ ನಡೆಯಿತು. ಗಂಡನ ತೂಕವನ್ನು ಹೆಂಡತಿಯೇ ಟೈಪ್ ಮಾಡುತ್ತಿದ್ದರು. ಕೊನೆಯ ದಿನ ಡಯಾಲಿಸಿಸ್ ಮುಗಿದು ಸತೀಶ್ ತಕ್ಕಡಿಯ ಮೇಲೆ ನಿಂತಾಗ ಅದು 51.8 ತೋರಿಸಿತು.

"ಏ ಯಶೋ, ನೋಡೇ, ಮದುವೆ ದಿನದ ತೂಕಕ್ಕೆ ಬಂದ್ಬಿಟ್ಟೆ. ಇನ್ನೊಂದ್ಸಲ ಹೆಣ್ಣು ನೋಡೋಕೆ ಹೋಗ್ಬಹುದು."

"ಹೋಗಿ ಹೋಗಿ, ಯಾರು ಕೊಡ್ತಾರೋ ನಾನೂ ನೋಡ್ತೀನಿ" ಎನ್ನುತ್ತ ಅವರು ಅದನ್ನು ಟೈಪ್ ಮಾಡಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಮುಂದಿನ ಸರದಿ ಬರುವುದರೊಳಗೆ ಸತೀಶ್ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಯಶೋಧರಾ ಎರಡು ವಾರ ಬರಲಿಲ್ಲ. ಆಮೇಲೆ ಬಂದರು, ಅದೇ ಕುರ್ಚಿಗೆ.

ಈ ತೂಕದ ವಿಷಯವನ್ನು ಸ್ವಲ್ಪ ವಿವರಿಸಬೇಕು. ಮೂತ್ರಪಿಂಡ ಕೆಲಸ ಮಾಡದವರು ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ. ಇವತ್ತು ಬಂದಾಗಿನ ತೂಕದಿಂದ, ಹೋದ ಸಲ ಡಯಾಲಿಸಿಸ್ ಮುಗಿಸಿ ಹೊರಟಾಗಿನ ತೂಕವನ್ನು ಕಳೆದರೆ, ನಡುವೆ ಎಷ್ಟು ನೀರು ಸೇರಿದೆ ಎಂದು ತಿಳಿಯುತ್ತದೆ. ಯಂತ್ರ ಅಷ್ಟನ್ನು ತೆಗೆಯಬೇಕು. ಕಡಿಮೆ ತೆಗೆದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ. ಜಾಸ್ತಿ ತೆಗೆದರೆ ರಕ್ತದೊತ್ತಡ ಕುಸಿಯುತ್ತದೆ. ಆದ್ದರಿಂದ ಪ್ರತಿದಿನ ಬೆಳಗ್ಗೆ, ರೋಗಿಗಳ ತೂಕ ನೋಡಿ ಟೈಪ್ ಮಾಡಿದ ಕೂಡಲೇ, ಯಶೋಧರಾ ಒಂದು ಹಾಳೆ ತೆಗೆದು ಟೆಕ್ನೀಷಿಯನ್ ಮುನಿಕೃಷ್ಣನಿಗೆ ಕೊಡಬೇಕು. ಅದರಲ್ಲಿ ಒಬ್ಬೊಬ್ಬರಿಗೂ ಇವತ್ತಿನ ತೂಕ, ಹಿಂದಿನ ತೂಕ, ವ್ಯತ್ಯಾಸ.

ಕಂಪ್ಯೂಟರಿನಲ್ಲಿ ಇರುವುದು ಒಂದೇ ದೊಡ್ಡ ಪಟ್ಟಿ. ಒಬ್ಬರು ಒಂದು ಸಲ ಬಂದರೆ ಒಂದು ಸಾಲು. ಆ ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ, ಜೋಡಿಸಿ ಹಾಳೆ ಮಾಡಿಕೊಡುವ ಆದೇಶಕ್ಕೆ ಕ್ವೆರಿ ಎನ್ನುತ್ತಾರೆ. ಟ್ರಸ್ಟಿಗೆ ಪರಿಚಯವಿದ್ದ ಯಾರೋ ಹಿಂದೆ ಬರೆದುಕೊಟ್ಟಿದ್ದ ಕ್ವೆರಿ ಅದು. ಮೊದಮೊದಲು ಗುಂಡಿ ಒತ್ತಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹಾಳೆ ಬರುತ್ತಿತ್ತು. ಪಟ್ಟಿ ಬೆಳೆದಂತೆ ತಡವಾಗತೊಡಗಿತು. ಅರವತ್ತು ಸಾವಿರ ಸಾಲು ದಾಟಿದ ಮೇಲೆ, ಮೊದಲ ತಂಡದವರನ್ನು ಯಂತ್ರಕ್ಕೆ ಹಾಕುವ ಹೊತ್ತು ಕಳೆದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಿಂದಿನ ಸಂಜೆಯೇ ಮಾಡಿಡುವಂತಿರಲಿಲ್ಲ; ಬೆಳಗಿನ ತೂಕವಿಲ್ಲದೆ ಆ ಹಾಳೆಗೆ ಅರ್ಥವಿಲ್ಲ. ಮುನಿಕೃಷ್ಣ ರೋಗಿಗಳ ಬಾಯಲ್ಲೇ ಕೇಳತೊಡಗಿದ.

"ಶೀನಣ್ಣ, ಹೋದ್ಸಲ ಹೋಗುವಾಗ ಎಷ್ಟಿತ್ತು?"

ಶೀನಣ್ಣ ಗಾಂಧಿ ಬಜಾರಿನಲ್ಲಿ ತರಕಾರಿ ವ್ಯಾಪಾರ ಮಾಡಿದವರು. ಮಾತಿನಲ್ಲಿ ಗಟ್ಟಿಗರು. "ಎಪ್ಪತ್ತೊಂಬತ್ತು ಕಣಪ್ಪ. ತಕ್ಕಡಿ ವಿಷ್ಯ ನನಗ್ ಹೇಳ್ಕೊಡ್ತೀಯಾ ನೀನು?" ಎಂದರು. ನಿಜವಾಗಿ ಇದ್ದದ್ದು ಎಪ್ಪತ್ತೇಳು. ಮನೆಯಲ್ಲಿ ಮಜ್ಜಿಗೆ ಕುಡಿದಿದ್ದರು; ಜಾಸ್ತಿ ನೀರು ತೆಗೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಹೆದರಿ ಹಿಂದಿನ ತೂಕವನ್ನು ಏರಿಸಿ ಹೇಳಿದ್ದರು. ಎರಡು ಕಿಲೋ ನೀರು ಒಳಗೇ ಉಳಿಯಿತು. ಮಾರನೆಯ ದಿನ ಉಸಿರು ಸಿಗದೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ತಂದರು. ತುಟಿ ನೀಲಿಯಾಗಿತ್ತು. ಉಳಿದರು.

ಆ ಮಧ್ಯಾಹ್ನ ರಾಮಾನುಜ ಅವರು ಯಶೋಧರಾ ಅವರ ಮೇಜಿನ ಮುಂದೆ ಬಂದು ನಿಂತರು. ಮೆತ್ತಗೆ ಮಾತಾಡುವವರು, ಆದರೆ ನಿರ್ಧಾರ ಮಾಡಿಯೇ ಬಂದಿದ್ದರು.

"ಪಟ್ಟಿ ಹಗುರ ಮಾಡ್ಬೇಕಮ್ಮ. ತೀರ್ಕೊಂಡೋರ ಸಾಲುಗಳೇ ಅರ್ಧಕ್ಕೆ ಹತ್ರ ಇವೆ. ಅವನ್ನ ತೆಗೆದುಬಿಡಿ. ಬೇಕಿದ್ರೆ ಒಂದು ಪೆನ್‌ಡ್ರೈವ್‌ಗೆ ಹಾಕಿಡಿ."

ಆ ಸಾಲುಗಳಲ್ಲಿ ಸತೀಶ್ ಅವರ ಏಳು ವರ್ಷ ಇತ್ತು. ಹುಣ್ಣಿಮೆಯ ದಿನ ಗಾಂಧಿನಗರದ ಬುದ್ಧವಿಹಾರಕ್ಕೆ ಹೋಗಿಬಂದ ಮೇಲೆ ಯಶೋಧರಾ ಅವನ್ನು ಒಮ್ಮೆ ತೆರೆದು ನೋಡುವುದು ನನಗೆ ಗೊತ್ತಿತ್ತು. ಕಡಲೆಕಾಯಿ ಪರಿಷೆಯ ಮಾರನೆಯ ದಿನದ ಸಾಲಿನಲ್ಲಿ ತೂಕ ಪ್ರತಿ ವರ್ಷವೂ ಏರಿದೆ. ಉಪ್ಪು ಹಾಕಿ ಬೇಯಿಸಿದ ಕಾಯಿ ತಿಂದು ಬಾಯಾರಿ ನೀರು ಕುಡಿದದ್ದು. ಇದನ್ನು ಅವರೇ ನನಗೆ ಬೆರಳಿಟ್ಟು ತೋರಿಸಿದ್ದರು.

"ಅವರೆಲ್ಲ ಇಲ್ಲಿಗೆ ಬಂದೋರು ಸರ್" ಎಂದರು ಯಶೋಧರಾ. "ಬಂದೋರ ಪಟ್ಟಿಯಿಂದ ತೆಗೆದ್ರೆ, ಬರಲೇ ಇಲ್ಲ ಅಂದ ಹಾಗಾಗತ್ತೆ."

"ಗೊತ್ತಮ್ಮ. ಆದ್ರೆ ಶೀನಣ್ಣನೂ ಬಂದೋರೇ ಅಲ್ವಾ?"

ಯಶೋಧರಾ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. "ಈ ತಿಂಗಳು ಮುಗಿಯೋವರೆಗೆ ಟೈಮ್ ಕೊಡಿ. ಹಾಳೆ ಬೇಗ ಬರೋ ಹಾಗೆ ಬೇರೆ ದಾರಿ ಇದ್ಯಾ ನೋಡ್ತೀನಿ. ಇಲ್ದಿದ್ರೆ ನಾನೇ ತೆಗೀತೀನಿ" ಎಂದರು. ಅಲ್ಲಿಯವರೆಗೆ ಮುನಿಕೃಷ್ಣ ಕಾಗದದ ಫೈಲುಗಳನ್ನು ಒಂದೊಂದಾಗಿ ತೆಗೆದು ನೋಡುವುದೆಂದಾಯಿತು. ಅದರಿಂದ ಮೊದಲ ತಂಡ ದಿನವೂ ತಡವಾಗುತ್ತಿತ್ತು.

ಅವರು ಮೊದಲು ಮಾಡಿದ್ದು ಒಂದು ಪರೀಕ್ಷೆ. ಪಟ್ಟಿಯ ನಕಲು ಮಾಡಿ, ಅದರಲ್ಲಿ ಅರ್ಧ ಸಾಲುಗಳನ್ನು ಮಾತ್ರ ಉಳಿಸಿ ಕ್ವೆರಿ ಓಡಿಸಿದರು. ಸಮಯವೂ ಅರ್ಧವಾಗುತ್ತದೆ ಎಂದುಕೊಂಡಿದ್ದರು. ಕಾಲು ಭಾಗವಾಯಿತು. ಎರಡು ಸಲ ಮಾಡಿ ನೋಡಿ, ನನ್ನ ಬಾಗಿಲಿಗೆ ಬಂದು, "ಇದ್ಯಾಕೆ ಹೀಗೆ?" ಎಂದರು.

ಇಬ್ಬರೂ ಕೂತು ಕ್ವೆರಿಯನ್ನು ಸಾಲು ಸಾಲಾಗಿ ಓದಿದೆವು. ಕಾರಣ ಸಿಕ್ಕಿತು. ಅದು ಪಟ್ಟಿಯ ಪ್ರತಿಯೊಂದು ಸಾಲನ್ನೂ ಹಿಡಿದು, 'ಇದೇ ರೋಗಿಯದು, ಇದಕ್ಕಿಂತ ಹಿಂದಿನ ತಾರೀಕಿನದು, ಅದರಲ್ಲಿ ಕೊನೆಯದು' ಎಂದು ಇಡೀ ಪಟ್ಟಿಯನ್ನು ತಲೆಯಿಂದ ಬಾಲದವರೆಗೆ ಹುಡುಕುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಮೊದಲಿಂದ. ಅರವತ್ತು ಸಾವಿರ ಸಾಲು, ಒಂದೊಂದೂ ಅರವತ್ತು ಸಾವಿರ ಸಾಲನ್ನು ಕೇಳುತ್ತಿತ್ತು. ಸಾಲು ಇಮ್ಮಡಿಯಾದರೆ ಕೆಲಸ ನಾಲ್ಕರಷ್ಟು.

"ಹಾಗಾದ್ರೆ ತೀರ್ಕೊಂಡೋರನ್ನ ತೆಗೆದ್ರೂ ಪ್ರಯೋಜನ ಇಲ್ಲ" ಎಂದರು ಅವರು. "ಇನ್ನು ಕೆಲವು ವರ್ಷಕ್ಕೆ ಬದುಕಿರೋರ ಸಾಲೇ ಇಷ್ಟಾಗತ್ತೆ. ಆಗ ಯಾರನ್ನ ತೆಗೀತಾರೆ?"

ದಾರಿ ಸಿಕ್ಕಿದ್ದು ಕಿಟಕಿಯ ಹೊರಗಿನಿಂದ. ನಮ್ಮಲ್ಲಿ ಟೋಕನ್ ಇಲ್ಲ. ಬೆಳಗ್ಗೆ ಬಂದವರು ಜಗಲಿಯ ಕಟ್ಟೆಯ ಮೇಲೆ ಎಲ್ಲೆಲ್ಲೋ ಕೂರುತ್ತಾರೆ. ಸರದಿ ಮಾತ್ರ ತಪ್ಪುವುದಿಲ್ಲ. ಹೊಸದಾಗಿ ಬಂದವರು ಎದುರು ಸಿಕ್ಕವರನ್ನು "ಮಿಷಿನ್ನಿಗಾ?" ಎನ್ನುತ್ತಾರೆ. ಹೌದೆಂದರೆ, "ಕೊನೇಲಿ ಯಾರು?" ಎನ್ನುತ್ತಾರೆ. ಒಬ್ಬರು ಕೈ ಎತ್ತುತ್ತಾರೆ. "ಸರಿ, ನಿಮ್ಮ ಹಿಂದೆ ನಾನು." ಅಷ್ಟೇ. ಆ ಮೇಲೆ ಇಡೀ ಸಾಲಿನ ಚಿಂತೆ ಯಾರಿಗೂ ಇಲ್ಲ. ತನ್ನ ಮುಂದಿನವರು ಎದ್ದರೆ ತಾನು ಏಳಬೇಕು.

ಈ ಮಾತುಗಳನ್ನು ವರ್ಷಗಟ್ಟಲೆ ಕೇಳಿದ್ದ ಯಶೋಧರಾ ಒಂದು ಬೆಳಗ್ಗೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಎಲ್ಲರನ್ನೂ ಯಾಕೆ ಕೇಳ್ಬೇಕು? ಮುಂದೆ ಇರೋರನ್ನ ಕೇಳಿದ್ರೆ ಸಾಕಲ್ಲ!"

ಅವರು ಪಟ್ಟಿಯನ್ನು ಮೊದಲು ಹೆಸರಿನ ಪ್ರಕಾರ, ಒಂದು ಹೆಸರಿನೊಳಗೆ ತಾರೀಕಿನ ಪ್ರಕಾರ ಜೋಡಿಸಿದರು. ಹಾಗೆ ಜೋಡಿಸಿದರೆ ಒಬ್ಬ ರೋಗಿಯ ಹಿಂದಿನ ಸಲದ ಸಾಲು ಇವತ್ತಿನ ಸಾಲಿನ ತಲೆಯ ಮೇಲೇ ಇರುತ್ತದೆ. ಆಮೇಲೆ ಹೊರಟಾಗಿನ ತೂಕದ ಕಾಲಮ್ಮನ್ನು ನಕಲು ಮಾಡಿ, ಒಂದು ಮನೆ ಕೆಳಕ್ಕೆ ಜರುಗಿಸಿ ಪಕ್ಕದಲ್ಲಿ ಇಟ್ಟರು. ಪ್ರತಿ ಸಾಲಿನ ಮಗ್ಗುಲಿಗೆ ಅದರ ಮೇಲಿನ ಸಾಲಿನ ತೂಕ ಬಂದು ಕೂತಿತು. ಹುಡುಕಾಟವೇ ಇಲ್ಲ. ಗುಂಡಿ ಒತ್ತಿ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹಾಳೆ ಬಂದಿತ್ತು.

ಅವರು ಅಷ್ಟಕ್ಕೇ ನಂಬುವವರಲ್ಲ. ಎರಡು ವಾರ ಎರಡೂ ಕ್ವೆರಿ ಓಡಿಸಿದರು. ಹಳೆಯದು ಮಧ್ಯಾಹ್ನದ ಹೊತ್ತಿಗೆ ಮುಗಿದ ಮೇಲೆ, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದು ಅಂಕಿಯನ್ನೂ ಬಾಯಲ್ಲೇ ಹೇಳಿಕೊಂಡು ತಾಳೆ ನೋಡಿದರು. ಒಂದು ಅಂಕಿಯೂ ಬೇರೆ ಬರಲಿಲ್ಲ. ನಾನೂ ನೋಡಿದೆ. ರಾಮಾನುಜ ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇರಲಿ ಬಿಡಿ ಹಾಗಾದ್ರೆ, ಎಲ್ಲರೂ ಇರಲಿ" ಎಂದರು. ಯಶೋಧರಾ ಅವತ್ತು ಎಲ್ಲರಿಗೂ ಮೈಸೂರುಪಾಕು ತರಿಸಿದರು. ಶೀನಣ್ಣನಿಗೂ ಒಂದು ಚೂರು ಸಿಕ್ಕಿತು. "ಇನ್ಮೇಲೆ ಸುಳ್ಳು ಹೇಳೋಕೂ ಟೈಮ್ ಕೊಡಲ್ಲ ಅನ್ನಿ" ಎಂದರು ಅವರು.

ಸುಪ್ರಜಾ ಬಂದದ್ದು ಅದಾದ ಮೂರನೆಯ ವಾರ. ತ್ಯಾಗರಾಜನಗರದವರು, ನಲವತ್ತರ ಹತ್ತಿರದ ಹೆಂಗಸು. ಬೇರೊಂದು ಕಡೆ ಕೆಲವು ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡು, ಮನೆಗೆ ಹತ್ತಿರವೆಂದು ಇಲ್ಲಿಗೆ ಬದಲಾಯಿಸಿಕೊಂಡಿದ್ದರು. ತಕ್ಕಡಿ 55.6 ತೋರಿಸಿತು. ಹಾಳೆಯಲ್ಲಿ ಹಿಂದಿನ ತೂಕ 51.8 ಎಂದಿತ್ತು, ವ್ಯತ್ಯಾಸ 3.8. ಹಳೆಯ ಕೇಂದ್ರದವರು ಕಳಿಸಿದ ತೂಕವನ್ನೇ ಯಶೋಧರಾ ಹಾಕಿರಬೇಕು ಎಂದು ಮುನಿಕೃಷ್ಣ ತಿಳಿದುಕೊಂಡ. ಆ ಹಾಳೆಯನ್ನು ಎಲ್ಲರೂ ನಂಬುತ್ತಿದ್ದರು. ಯಂತ್ರಕ್ಕೆ ಅಷ್ಟನ್ನೇ ಕೊಟ್ಟ.

ಯಂತ್ರ ಶುರುವಾದ ಮೇಲೆ ಯಶೋಧರಾ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರಕ್ತದೊತ್ತಡ ಬರೆದುಕೊಂಡು ಬರುವುದು ವಾಡಿಕೆ. ಸುಪ್ರಜಾ ಅವರ ಹಾಸಿಗೆಯ ತಲೆಯ ಬಳಿ ಮುನಿಕೃಷ್ಣ ಹಾಳೆಯ ಅಂಕಿಗಳನ್ನು ಬರೆದು ಸಿಕ್ಕಿಸಿದ್ದ ಚೀಟಿಯ ಮುಂದೆ ಅವರು ನಿಂತುಬಿಟ್ಟರು. ನಾನು ರಕ್ತದ ಸೀಸೆ ತೆಗೆದುಕೊಳ್ಳಲು ಎದುರಿನ ಹಾಸಿಗೆಯ ಬಳಿ ಇದ್ದೆ. ಅವರು ಒಂದು ಅಂಕಿಯ ಮೇಲೆ ಬೆರಳಿಟ್ಟದ್ದು ಕಂಡಿತು.

"ಕೃಷ್ಣ, ನಿಲ್ಲಿಸು."

"ಏನಕ್ಕಾ?"

"ನೀರು ತೆಗೆಯೋದು ನಿಲ್ಲಿಸು ಮೊದ್ಲು. ಈ ತೂಕ ಇವರದ್ದಲ್ಲ. ನಮ್ಮನೆಯವರದ್ದು."

ಮುನಿಕೃಷ್ಣ ಎರಡನೆಯ ಪ್ರಶ್ನೆ ಕೇಳಲಿಲ್ಲ. ಗುಂಡಿ ಒತ್ತಿದ. ಅಷ್ಟರಲ್ಲಿ ಸುಪ್ರಜಾ ಅವರಿಗೆ ಕಣ್ಣು ಕತ್ತಲಿಡತೊಡಗಿತ್ತು. ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದರು. ರಕ್ತದೊತ್ತಡ ತೊಂಬತ್ತಕ್ಕೆ ಇಳಿದಿತ್ತು. ಕಾಲು ಎತ್ತರಿಸಿ, ಸಲೈನ್ ಕೊಟ್ಟು, ಡಾಕ್ಟರನ್ನು ಕರೆಸಿದೆವು. ಹಳೆಯ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದಾಗ, ತೆಗೆಯಬೇಕಾಗಿದ್ದದ್ದು ಒಂದು ಕಿಲೋದಷ್ಟು ಮಾತ್ರ ಎಂದು ತಿಳಿಯಿತು. ಪೂರ್ತಿ ನಾಲ್ಕು ಗಂಟೆ ಅದು ಹಾಗೆಯೇ ನಡೆದಿದ್ದರೆ ಅವರ ಜೀವಕ್ಕೇ ಅಪಾಯವಿತ್ತು.

ಸುಪ್ರಜಾ ಚೇತರಿಸಿಕೊಂಡು ಕಣ್ಣು ಬಿಟ್ಟ ಮೇಲೆ ಯಶೋಧರಾ ಮೇಜಿಗೆ ಬಂದು ಪಟ್ಟಿ ತೆರೆದರು. ಕಾರಣ ಅಲ್ಲೇ ಇತ್ತು. ಹೆಸರಿನ ಪ್ರಕಾರ ಜೋಡಿಸಿದಾಗ ಸತೀಶ್ ಆದ ಮೇಲೆ ಸುಪ್ರಜಾ. ಸುಪ್ರಜಾ ಅವರದ್ದು ಮೊದಲ ಸಾಲು. ಅದರ ತಲೆಯ ಮೇಲೆ ಇದ್ದದ್ದು ಸತೀಶ್ ಅವರ ಕೊನೆಯ ಸಾಲು. ಮೇಲಿನ ಸಾಲಿನ ತೂಕ ತಗೋ ಎಂದಿದ್ದರು, ಕ್ವೆರಿ ತೆಗೆದುಕೊಂಡಿತ್ತು. ಆ ಸಾಲು ಅದೇ ರೋಗಿಯದ್ದೇ ಎಂದು ನೋಡು ಎಂದು ಹೇಳಿರಲಿಲ್ಲ. ತಾಳೆ ನೋಡಿದ ಎರಡು ವಾರ ಹೊಸಬರು ಯಾರೂ ಬಂದಿರಲಿಲ್ಲ. ಹಳಬರ ಮೊದಲ ಸಾಲುಗಳೆಲ್ಲ ಪಟ್ಟಿಯ ಒಳಗೆಲ್ಲೋ ಇದ್ದವು. ಅಂದಂದಿನ ಹಾಳೆಯಲ್ಲಿ ಅವು ಬರುವುದೇ ಇಲ್ಲ. ಹಾಳೆಗಳನ್ನು ಹೋಲಿಸಿದೆವು, ಪಟ್ಟಿಯನ್ನು ಹೋಲಿಸಲಿಲ್ಲ.

ಇದನ್ನು ಅವರು ಜಗಲಿಯಲ್ಲೇ, ಎಲ್ಲರ ಎದುರಿಗೇ ರಾಮಾನುಜ ಅವರಿಗೆ ಹೇಳಿದರು. ಕಟ್ಟೆಯ ಮೇಲೆ ಎರಡನೆಯ ತಂಡದವರು ಕೂತಿದ್ದರು. ಶೀನಣ್ಣನೂ ಇದ್ದರು.

"ಅಲ್ಲಮ್ಮ" ಎಂದರು ಶೀನಣ್ಣ, "ನಾವು ಮೊದ್ಲು ಏನು ಕೇಳ್ತೀವಿ? 'ಮಿಷಿನ್ನಿಗಾ?' ಅಂತ ತಾನೆ? ಡಾಕ್ಟ್ರನ್ನ ನೋಡೋಕೆ ಬಂದೋರ ಹಿಂದೆ ಹೋಗಿ ಕೂತ್ರೆ ನಮ್ಮ ಸರದಿ ಅಲ್ಲೇ ಹೋಯ್ತು. ಅದು ಕೇಳಿದ ಮೇಲೆ ತಾನೆ ಹಿಂದೆ ಮುಂದೆ ಎಲ್ಲ?"

"ಹೌದು ಶೀನಣ್ಣ" ಎಂದರು ಯಶೋಧರಾ. "ದಿನಾ ಕೇಳಿಸ್ಕೋತಿದ್ದೆ. ಎರಡು ಪ್ರಶ್ನೆಯಲ್ಲಿ ಒಂದನ್ನೇ ತಗೊಂಡೆ."

ಯಾರೂ ನಗಲಿಲ್ಲ. ಶೀನಣ್ಣನಿಗೆ ತಾನು ಯಾಕೆ ಬಾಯಿ ಹಾಕಿದೆನೋ ಅನ್ನಿಸಿರಬೇಕು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಯಶೋಧರಾ ರಾಮಾನುಜ ಅವರ ಕಡೆ ತಿರುಗಿದರು. "ಸರ್, ಆ ಸಾಲುಗಳನ್ನ ತೆಗೆದುಬಿಡೋಣ. ನಾನೇ ತೆಗೀತೀನಿ. ಅವರನ್ನ ಉಳಿಸ್ಕೊಳ್ಳೋಕೆ ಹೋಗಿ ಇನ್ನೊಬ್ಬರ ಜೀವಕ್ಕೆ ಕುತ್ತು ತಂದೆ."

ರಾಮಾನುಜ ಒಳಗೆ ಹೋಗಿ ಪರದೆಯ ಮೇಲಿನ ಪಟ್ಟಿಯನ್ನು ತಾವೇ, ಆ ಒಂದೇ ಬೆರಳಿನಲ್ಲಿ, ಮೇಲಕ್ಕೆ ಸರಿಸಿದರು. ಸತೀಶ್ ಅವರ ಏಳು ವರ್ಷ ಕಣ್ಣ ಮುಂದೆ ಹಾದುಹೋಯಿತು. ಅದರಾಚೆ ಇದ್ದದ್ದು ಸಂಧ್ಯಾ ಅವರ ಸಾಲುಗಳು; ಅವರು ಈಗಲೂ ಗುರುವಾರದ ತಂಡದಲ್ಲಿ ಬರುವವರು.

"ಸತೀಶ್ ಸಾಲು ತೆಗೆದಿದ್ರೆ ಸುಪ್ರಜಾ ತಲೆ ಮೇಲೆ ಸಂಧ್ಯಾ ಬಂದಿರ್ತಿದ್ರು" ಎಂದರು. "ಅವರ ತೂಕ ಐವತ್ತೆರಡು ಚಿಲ್ಲರೆ. ತಪ್ಪು ಇಷ್ಟೇ ಆಗಿರೋದು. ಆದ್ರೆ ಆ ಚೀಟಿ ನೋಡಿ ನೀವು ನಿಲ್ತಿರಲಿಲ್ಲಮ್ಮ. ಯಾರೂ ನಿಲ್ತಿರಲಿಲ್ಲ."

ಯಶೋಧರಾ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಿದ್ದರು.

"ತೆಗೆಯೋದು ಬೇಡ. ಆ ಇನ್ನೊಂದು ಪ್ರಶ್ನೆ ಸೇರಿಸಿ. ಪೂರ್ತಿ ಪಟ್ಟಿ ತಾಳೆ ಆಗೋವರೆಗೆ ಮೊದಲಿನ ಹಾಗೆ ಫೈಲ್ ತೆಗೆದು ನೋಡೋಣ. ತಡ ಆದ್ರೆ ಆಗಲಿ."

ಅವರು ಅದನ್ನು ಸೇರಿಸಿದರು. ಹೆಸರನ್ನೂ ಕೇಂದ್ರದ ನೋಂದಣಿ ಸಂಖ್ಯೆಯನ್ನೂ ತೂಕದ ಹಾಗೆಯೇ ಒಂದು ಮನೆ ಕೆಳಕ್ಕೆ ಜರುಗಿಸಿ ಪಕ್ಕದಲ್ಲಿಟ್ಟರು. ಎರಡೂ ಈ ಸಾಲಿನದರೊಂದಿಗೆ ಹೊಂದಿದರೆ ಮಾತ್ರ ಮೇಲಿನ ತೂಕ. ಇಲ್ಲದಿದ್ದರೆ ಮನೆ ಖಾಲಿ. ಸಮಯ ಒಂದಿಷ್ಟೂ ಹೆಚ್ಚಲಿಲ್ಲ. ಈ ಸಲ ಹಳೆಯ ಕ್ವೆರಿಯ ಇಡೀ ಫಲಿತಾಂಶವನ್ನು ಹೊಸದರ ಎದುರಿಗಿಟ್ಟು ಕಳೆದೆವು. ಪ್ರತಿ ಸಾಲಿನಲ್ಲೂ ಸೊನ್ನೆ ಬರುವವರೆಗೆ ಅವರು ಹೊಸ ಹಾಳೆಯನ್ನು ಮುನಿಕೃಷ್ಣನ ಕೈಗೆ ಕೊಡಲಿಲ್ಲ. ಖಾಲಿ ಮನೆ ಕಂಡರೆ ಡಾಕ್ಟರನ್ನು ಕೇಳದೆ ಯಂತ್ರ ಶುರುಮಾಡಬಾರದು ಎಂದು ಗೋಡೆಗೆ ಒಂದು ಚೀಟಿಯನ್ನೂ ಅಂಟಿಸಿದರು.

ಸುಪ್ರಜಾ ಮುಂದಿನ ಸರದಿಗೆ ಬರುತ್ತಾರೋ ಇಲ್ಲವೋ ಎಂದು ನಮಗೆಲ್ಲ ಅನುಮಾನವಿತ್ತು. ಬಂದರು. ಯಂತ್ರಕ್ಕೆ ಹಾಕಿದ ಮೇಲೆ ಯಶೋಧರಾ ಸ್ಟೂಲು ಎಳೆದುಕೊಂಡು ಅವರ ಪಕ್ಕ ಕೂತು, ನಡೆದದ್ದನ್ನು ಬಚ್ಚಿಡದೆ ಹೇಳಿದರು. ಸಾಲು, ಜರುಗಿಸಿದ್ದು, ಬಿಟ್ಟುಹೋದದ್ದು, ಎಲ್ಲ. ಸುಪ್ರಜಾ ಚಾವಣಿ ನೋಡುತ್ತ ಕೇಳಿಸಿಕೊಂಡರು.

"ಅಂದ್ರೆ ನನ್ನ ಮುಂದೆ ಇದ್ದಿದ್ದು ನಿಮ್ಮ ಯಜಮಾನ್ರು."

"ಹೌದು."

"ಈಗ ಅವರು?"

"ಇಲ್ಲ."

ಸುಪ್ರಜಾ ಸೂಜಿ ಚುಚ್ಚಿದ್ದ ಕೈಯನ್ನು ಅಲುಗಿಸದೆ ಮುಖ ಮಾತ್ರ ಇತ್ತ ತಿರುಗಿಸಿದರು. ಕೇಳಲೋ ಬೇಡವೋ ಎಂಬಂತೆ ತಡೆದು, "ಎಷ್ಟು ವರ್ಷ ಬಂದ್ರು ಅವರು ಇಲ್ಲಿಗೆ?" ಎಂದರು.

"ಏಳು ವರ್ಷ."

"ಏಳು ವರ್ಷಾನಾ? ನಿಜವಾಗ್ಲೂ?"

"ನಾನೇ ಒಂದೊಂದನ್ನೂ ಟೈಪ್ ಮಾಡಿದೀನಿ. ಬೇಕಿದ್ರೆ ತೋರಿಸ್ತೀನಿ."

"ಬೇಡ ಬಿಡಿ." ಸುಪ್ರಜಾ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದರು. "ನನ್ನ ಮಗಳು ಈಗ ಏಳನೇ ಕ್ಲಾಸು. ಏಳು ವರ್ಷ ಅಂದ್ರೆ… ಡಿಗ್ರಿಗೆ ಬಂದಿರ್ತಾಳೆ."

"ಬಂದಿರ್ತಾಳೆ" ಎಂದರು ಯಶೋಧರಾ.

ಮುಗಿದ ಮೇಲೆ ಸುಪ್ರಜಾ ತಕ್ಕಡಿಯ ಮೇಲೆ ನಿಂತರು. ಯಶೋಧರಾ ಅಂಕಿಯನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಟೈಪ್ ಮಾಡಿದರು. ಪಟ್ಟಿಯಲ್ಲಿ ಸತೀಶ್ ಅವರ ಕೊನೆಯ ಸಾಲಿನ ಕೆಳಗೆ ಈಗ ಸುಪ್ರಜಾ ಅವರದ್ದು ಎರಡು ಸಾಲು. ಮೊದಲನೆಯದರಲ್ಲಿ ಹಿಂದಿನ ತೂಕದ ಮನೆ ಖಾಲಿ. ಎರಡನೆಯದರಲ್ಲಿ ಹೋದ ಸಲ ಹೊರಟಾಗಿನ 54.5, ಸುಪ್ರಜಾ ಅವರದ್ದೇ.